ದೇವೀರಮ್ಮ ನೂರೈವತ್ತರ ಹಿಟ್ಟು ಜರಡಿ ಹಿಡಿದದ್ದು

ಹಗರೆಯ ಹತ್ತಿರದ ರೆಸಾರ್ಟಿನ ಅಡುಗೆಮನೆಯಲ್ಲಿ ದೇವೀರಮ್ಮ ಏಳು ವರ್ಷ ಪಾತ್ರೆ ತೊಳೆದಳು. ಎಂಟನೇ ವರ್ಷ ಬ್ರೆಡ್ ಮಾಡುತ್ತಿದ್ದವನು ಕೆಲಸ ಬಿಟ್ಟು ಹೋದ. ಮುದ್ದೆ ಕಟ್ಟುವ ಕೈಗೆ ಹಿಟ್ಟಿನ ಹದ ಹೇಳಿಕೊಡಬೇಕೇ ಎಂದುಕೊಂಡ ಶೆಫ್ ಉಮಾಶಂಕರ್, ಅವಳನ್ನೇ ಆ ಕೆಲಸಕ್ಕೆ ತಯಾರು ಮಾಡತೊಡಗಿದ. ಸೋಪಿನ ನೀರಿಗೆ ಬೆರಳ ಸಂದೆಲ್ಲ ಹುಣ್ಣಾಗಿದ್ದವಳಿಗೆ ಅದೇನು ಸಣ್ಣ ಮಾತೇ!

ಅಬ್ಬಬ್ಬಾ, ಆ ಹಿಟ್ಟುಗಳೋ! ನಮಗೆ ಗೊತ್ತಿದ್ದದ್ದು ರಾಗಿ, ಗೋಧಿ, ಮೈದಾ. ಅಲ್ಲಿ ಚೀಲಕ್ಕೊಂದು ದೇಶ, ದೇಶಕ್ಕೊಂದು ನಂಬರು. ಇಟಲಿಯ ಸೊನ್ನೆ ಸೊನ್ನೆ ನಂಬರಿನದು ಮುಖದ ಪೌಡರಿನಷ್ಟು ನಯ, ಪಿಜ್ಜಾಗೆ ಪಾಸ್ತಾಗೆ ಅದೇ ಆಗಬೇಕು. ಫ್ರಾನ್ಸಿನ ಐವತ್ತೈದು ಉದ್ದನೆಯ ಬ್ರೆಡ್ಡಿಗೆ. ಕೇಕಿಗೆ ಜರ್ಮನಿಯ ನಾನೂರೈದು.

"ಒಂದ್ ದೇಶದ ನಂಬರ್ನ ಇನ್ನೊಂದಕ್ಕೆ ತಾಳೆ ಹಾಕ್ಬೇಡಿ ದೇವೀರಮ್ಮ. ಒಂದೇ ದೇಶದೊಳಗೆ ನಂಬರ್ ಏರಿದಷ್ಟೂ ಹೊಟ್ಟು ಜಾಸ್ತಿ, ಅಷ್ಟೇ" ಎಂದಿದ್ದ ಉಮಾಶಂಕರ್. ಅಕ್ಷರ ಬಾರದಿದ್ದರೂ ಅವಳಿಗೆ ಅಂಕಿ ಬರುತ್ತಿತ್ತು. ಎರಡೇ ತಿಂಗಳಲ್ಲಿ ಎಲ್ಲ ಬಾಯಿಪಾಠವಾಯಿತು.

ಪರೀಕ್ಷೆಯ ದಿನ ಮ್ಯಾನೇಜರ್ ಮಾಲಿನಿ ಕೇಳಿದ್ದು ಫ್ರಾನ್ಸಿನ ನೂರೈವತ್ತರ ಕಂದು ಬ್ರೆಡ್. ಒಪ್ಪಿಗೆಯಾದರೆ ಮಾರನೇ ದಿನದಿಂದ ಬ್ರೆಡ್ಡಿನ ಕೆಲಸ ಕಾಯಂ, ಪಾತ್ರೆ ತೊಳೆಯುವುದಕ್ಕೆ ದೊಡ್ಡ ನಮಸ್ಕಾರ. ದೇವೀರಮ್ಮ ಚೀಲ ಬಿಚ್ಚಿದಳು. ಹೊಟ್ಟೋ ಹೊಟ್ಟು! ಅವಳ ಅವ್ವ ದೊಡ್ಡಮನೆಯವರಲ್ಲಿ ದಿನವಿಡೀ ಬೀಸಿದರೆ ಕೂಲಿಯೆಂದು ಸಿಗುತ್ತಿದ್ದದ್ದು ಜರಡಿಯಲ್ಲಿ ಉಳಿದ ಇಂಥದ್ದೇ. "ದನಕ್ಕೂ ನಮ್ಗೂ ಒಂದೇ ಮೊರದಾಗೆ ಹಾಕ್ತಾರೆ ಕಣವ್ವ" ಎಂದು ಅಳುತ್ತಿದ್ದಳು. ಉಣ್ಣಲು ಬಂದವರ ತಟ್ಟೆಗೆ ಹೊಟ್ಟು ಬಡಿಸುವುದೇ? ನೂರೈವತ್ತಕ್ಕೆ ಹೊಟ್ಟು ಇರಲೇಬೇಕೆಂಬ ಪಾಠ ತಲೆಯಲ್ಲಿತ್ತು, ಕೈ ಕೇಳಲಿಲ್ಲ. ಮೂರು ಸಲ ಜರಡಿ ಹಿಡಿದು, ಹೊಟ್ಟನ್ನೆಲ್ಲ ಕಸಕ್ಕೆ ಸುರಿದಳು.

ಹೊಟ್ಟು ಕುಡಿಯಬೇಕಿದ್ದ ನೀರು ಹಿಟ್ಟಿನಲ್ಲೇ ಉಳಿಯಿತು. ಬ್ರೆಡ್ ಬಿಳಿಚಿಕೊಂಡು, ತಟ್ಟೆಯಂತೆ ಚಪ್ಪಟೆಯಾಗಿ ಹೊರಬಂತು.

"ಜರಡಿ ಹಿಡಿದ್ರಾ?" ಮಾಲಿನಿ ಕೇಳಿದಳು.

"ಬಂದೋರ್ಗೆ ಹೊಟ್ಟು ತಿನ್ಸಕ್ಕೆ ಮನ್ಸು ಬರ್ನಿಲ್ಲ ಮೇಡಮ್. ಇನ್ನೊಂದ್ ಕಿತ ಮಾಡ್ತೀನಿ."

"ಆ ಹೊಟ್ಟು ಬೇಕು ಅಂತಾನೇ ಅವರು ಇಲ್ಲಿಗೆ ಬರೋದು. ಬಿಡಿ, ಈ ವಯಸ್ಸಲ್ಲಿ ಇದೆಲ್ಲ ನಿಮ್ಮ ತಲೆಗೆ ಹತ್ತಲ್ಲ."

ಉಮಾಶಂಕರ್ ಒಲೆಯ ಕಡೆ ತಿರುಗಿಕೊಂಡ. ಪಾಪ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ವಾರ ಕಳೆಯುವುದರೊಳಗೆ ಆ ಕೆಲಸಕ್ಕೆ ಹರ್ಷಿತಾ ಎಂಬ ಹುಡುಗಿ ಬಂದಳು. ಹಾಸನದಲ್ಲಿ ಓದಿದ ಸರ್ಟಿಫಿಕೇಟಿತ್ತು. ಚೀಲಗಳ ಸಾಲಿನ ಮುಂದೆ ಕಣ್ಣುಕಣ್ಣು ಬಿಟ್ಟು ನಿಂತು, ಮೆಲ್ಲಗೆ ಕೇಳಿದಳು:

"ಆಂಟಿ, ಇದ್ರಲ್ಲಿ ಯಾವ್ದು ಯಾತಕ್ಕೆ?"

ದೇವೀರಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು. ಒಂದೊಂದೇ ಚೀಲ ಮುಟ್ಟಿ, ದೇಶ, ನಂಬರು, ಯಾವ ತಿಂಡಿಗೆ, ಎಷ್ಟು ನೀರು, ಒಂದೂ ತಪ್ಪದೆ ಹೇಳಿದಳು. ಹರ್ಷಿತಾ ಎಲ್ಲವನ್ನೂ ಬರೆದುಕೊಂಡಳು. ದೇವೀರಮ್ಮ ಪಾತ್ರೆ ತೊಳೆಯಲು ಹೋದಳು.