ನನ್ನನ್ನು ‘ನೀ’ ಎಂದ ಊರು

ಚೀನಾದಲ್ಲಿ ನನ್ನೊಂದಿಗೆ ಮೊದಲು ಮಾತಾಡಿದ ಹುಡುಗಿ ನನ್ನನ್ನು ಹಾವು ಎಂದಳು.

‘ನೀ ಹಾವ್!’ ಹೋಟೆಲ್ ಕೌಂಟರಿನ ಆಚೆ ನಿಂತು, ನಗುನಗುತ್ತಾ. (ಅಲ್ಲಿ ಅದು ನಮಸ್ಕಾರ. ಗೊತ್ತಿತ್ತು. ಆದರೂ ಕನ್ನಡದ ಕಿವಿ ಕೇಳಬೇಕಲ್ಲ!) ಹಾವನ್ನು ಕ್ಷಮಿಸಿಬಿಟ್ಟೆ. ಆದರೆ ಆ ‘ನೀ’? ಚೀನೀ ಭಾಷೆಯಲ್ಲೂ ‘ನೀ’ ಅಂದರೆ ನೀನು ಅಂತಲೇ ಅರ್ಥ. ಕೇಳಿ ಒಂದು ಕ್ಷಣ ಪಾಸ್‌ಪೋರ್ಟ್ ಕೊಡುವುದನ್ನೇ ಮರೆತೆ.

ಹೋದ ಚಳಿಗಾಲದಲ್ಲಿ ನನ್ನ ಗಂಡ ಪ್ರಕಾಶ್ ತೀರಿಕೊಂಡರು. ಆಮೇಲೆ ನನ್ನನ್ನು ‘ನೀನು’ ಎನ್ನುವವರೇ ಇಲ್ಲ. ಆಸ್ಟಿನ್‌ನಲ್ಲಿರುವ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಅವಳ ‘ಯೂ’ ನನಗೂ ಅವಳ ನಾಯಿಗೂ ಒಂದೇ. ಇನ್ನು ಟೆಕ್ಸಸ್‌ನ ನಮ್ಮ ಊರು ಪ್ಲೇನೋದ ಕನ್ನಡದವರು? ‘ಬಾರೇ ಸುಮಾ’ ಎನ್ನುತ್ತಿದ್ದ ಗೆಳತಿಯರೂ ಈಗ ‘ನೀವು ಕೂತ್ಕೊಳ್ಳಿ, ನೀವೇನೂ ಮಾಡ್ಬೇಡಿ’ ಎನ್ನುತ್ತಾರೆ. ಗಂಡ ಹೋದರೆ ಹೆಂಡತಿಗೆ ಇಂಥ ಪ್ರಮೋಷನ್ ಸಿಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಈ ಪ್ರವಾಸ ಪ್ರಕಾಶ್ ಇಬ್ಬರಿಗೂ ಬುಕ್ ಮಾಡಿದ್ದು. ಒಂದು ಟಿಕೆಟ್ ಕ್ಯಾನ್ಸಲ್ ಮಾಡಿ ಹೊರಟೆ. ಪಕ್ಕದ ಮನೆಯ ವಿದ್ಯಾ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಟ್ಟಳು. ‘ಹುಷಾರು ಆಂಟಿ, ಅಲ್ಲಿ ನಿಮ್ಮನ್ನ ಯಾರೂ ಕೇರ್ ಮಾಡಲ್ಲ!’

ಊರಿನ ಹೆಸರು ಚೊಂಗ್‌ಚಿಂಗ್. ನಮ್ಮ ಪ್ಲೇನೋ ದೋಸೆ ಕಾವಲಿಯಂತೆ ಚಪ್ಪಟೆ. ಇಲ್ಲಿ ಊರನ್ನೇ ಗುಡ್ಡಕ್ಕೆ ಅಂಟಿಸಿದ್ದಾರೆ. ರಸ್ತೆಯಿಂದ ನೇರವಾಗಿ ಕಟ್ಟಡದೊಳಗೆ ಕಾಲಿಟ್ಟರೆ ಅದು ಹನ್ನೊಂದನೇ ಮಹಡಿ! ರೈಲು ಅಪಾರ್ಟ್‌ಮೆಂಟಿನ ಹೊಟ್ಟೆಯೊಳಗೆ ನುಗ್ಗಿ ಆ ಕಡೆಯಿಂದ ಹೊರಬರುತ್ತದೆ. ನನ್ನ ವಯಸ್ಸಿನ ಹೆಂಗಸರು ಚೌಕದಲ್ಲಿ ಸ್ಪೀಕರ್ ಹಚ್ಚಿ ಕುಣಿಯುತ್ತಾರೆ. (ಟೆಕ್ಸಸ್‌ನಲ್ಲಿ ಹಾಲು ತರಲಿಕ್ಕೂ ಕಾರು. ಸುಮ್ಮನೆ ನಡೆದು ಹೋದರೆ ಯಾರಾದರೂ ಗಾಡಿ ನಿಲ್ಲಿಸಿ ‘ಆರ್ ಯೂ ಓಕೆ?’ ಎನ್ನುತ್ತಾರೆ.)

ಮರುದಿನ ಬೆಳಿಗ್ಗೆ ಕೌಂಟರಿನ ಹುಡುಗಿ ಲಿನ್ ತಲೆಬಾಗಿ ‘ನಿನ್ ಹಾವ್’ ಎಂದಳು. ಇದೇನಪ್ಪ ಹೊಸದು? ಅನುವಾದದ ಆ್ಯಪ್ ತೆರೆದು ಫೋನನ್ನು ನನ್ನೆದುರು ಹಿಡಿದಳು. ‘ನಿನ್ನೆ ತಮ್ಮನ್ನು ನೀ ಎಂದು ಕರೆದೆ. ಹಿರಿಯರನ್ನು ನಿನ್ ಎನ್ನಬೇಕೆಂದು ಮ್ಯಾನೇಜರ್ ಗದರಿಸಿದರು. ದಯವಿಟ್ಟು ಕ್ಷಮಿಸಿ’ ಎಂದಿತು ಫೋನು, ವಾರ್ತೆ ಓದುವ ಕನ್ನಡದಲ್ಲಿ.

ಅರ್ಧ ಭೂಮಿ ಸುತ್ತಿ ಬಂದರೂ ಈ ಮರ್ಯಾದೆ ಬೆನ್ನು ಬಿಡುವುದಿಲ್ಲವೇ?

‘ಬೇಡ ಕಣಮ್ಮ, ನೀ ಅಂತಲೇ ಅನ್ನು’ ಎಂದೆ ಫೋನಿಗೆ.

ಓದಿ ಹುಬ್ಬುಗಂಟಿಕ್ಕಿದಳು. ‘ಅದು ಮನೆಯವರಿಗೆ, ಸ್ನೇಹಿತರಿಗೆ’ ಎಂದಿತು ಫೋನು.

‘ಗೊತ್ತು’ ಎಂದೆ. ಅಷ್ಟಕ್ಕೇ ದನಿ ಒಡೆಯಿತು.

ಲಿನ್ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮ್ಯಾನೇಜರ್ ರೂಮಿನ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ಕೌಂಟರಿನ ಮೇಲೆ ಬಗ್ಗಿ, ಗುಟ್ಟು ಹೇಳುವಂತೆ ಕೇಳಿದಳು: ‘ನೀ ಚಿ ಲ ಮಾ?’

‘ತಾವು ಊಟ ಮಾಡಿದಿರಾ?’ ಎಂದು ಫೋನು ಗಂಭೀರವಾಗಿ ಅನುವಾದಿಸಿತು. ಶುದ್ಧ ತಪ್ಪು. ಅವಳು ಕೇಳಿದ್ದು, ‘ಊಟ ಮಾಡಿದ್ಯಾ?’

ಸಂಜೆ ವಿದ್ಯಾಳ ಕಾಲ್ ಬಂತು. ‘ಆಂಟಿ, ಅಲ್ಲಿಯವ್ರು ನಿಮಗೆ ಮರ್ಯಾದೆ ಕೊಡ್ತಾರೆ ತಾನೇ?’

‘ಇಲ್ಲಮ್ಮ’ ಎಂದೆ. ‘ಅದಕ್ಕೇ ಇನ್ನೊಂದು ವಾರ ಇದ್ದು ಬರ್ತೀನಿ.’