ಇದ್ ಚೇಚಿ ಉಡುಕ್ಕುಮೋ?

ನುಸಿ ಗುಳಿಗೆಯ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಕಿವಿ ಬಿಸಿಯಾಗುತ್ತದೆ. ಮೊನ್ನೆ ವೈಟ್ಟಿಲದಲ್ಲಿ ನಾವೀಗ ಇರುವ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಹಾಗೇ ಆಯಿತು. ಘಟ್ಟದ ಕಡೆ ಗುಡ್ಡ ಕುಸಿದಿತ್ತು. ಹಳೆ ಬಟ್ಟೆ ಹಾಕಿ ಎಂದು ಸೆಕ್ರೆಟರಿಯವರು ದೊಡ್ಡ ರಟ್ಟಿನ ಪೆಟ್ಟಿಗೆ ಇರಿಸಿದ್ದರು. ವಾಸನೆ ಅದರೊಳಗಿಂದ ಬರುತ್ತಿತ್ತು.

ಕಿವಿ ಬಿಸಿಯಾಗುವುದೇಕೆಂದು ಹೇಳುತ್ತೇನೆ, ನಗಬೇಡಿ. ಆ ದೊಡ್ಡ ಪ್ರವಾಹದ ವರ್ಷ ಯಜಮಾನರ ನೌಕರಿಯ ದೆಸೆಯಿಂದ ನಾವು ತಿರುವನಂತಪುರದಲ್ಲಿದ್ದೆವು. ಮೈಸೂರಿನವಳಾದ ನಾನು ಕಷ್ಟ ಕಂಡರೆ ಕರಗುವವಳು. ಕರಗಿ ಏನು ಮಾಡಿದೆ? ನುಸಿ ಗುಳಿಗೆ ಹಾಕಿಟ್ಟಿದ್ದ ಬೀರು ಖಾಲಿ ಮಾಡಿದೆ. ನಮ್ಮ ಮನೆಯಲ್ಲಿ ದಾನ ಎಂದರೆ ಅದೇ: ಬಣ್ಣ ಹೋದದ್ದು, ಅಂಚು ಹರಿದದ್ದು ಕೆಲಸದವಳಿಗೆ, ಪುಣ್ಯ ನಮಗೆ. ಫಾಲ್ ಇನ್ನೂ ಚೆನ್ನಾಗಿದೆಯೆಂದು ಅದನ್ನು ಬಿಚ್ಚಿಟ್ಟುಕೊಂಡೇ ಸೀರೆಗಳನ್ನು ಗಂಟು ಕಟ್ಟಿದೆ ಅಂದರೆ ನನ್ನ ಔದಾರ್ಯ ನಿಮಗೆ ತಿಳಿದೀತು.

ನೆರೆ ಸಂತ್ರಸ್ತರಿಗೆಂದು ಬಂದ ಬಟ್ಟೆಯನ್ನು ಶಾಲೆಯೊಂದರಲ್ಲಿ ವಿಂಗಡಿಸುತ್ತಿದ್ದವಳು ಸ್ಟೆಲ್ಲ. ವಿಳಿಂಜಂನಿಂದ ನಮ್ಮ ಬೀದಿಗೆ ಮೀನು ತರುತ್ತಿದ್ದವಳು. ಅವಳ ಕೂಗು ಕೇಳಿದರೆ ನಾನು ಕಿಟಕಿ ಮುಚ್ಚುತ್ತಿದ್ದೆ. ಅವಳ ಗಂಡ ದೋಣಿಯನ್ನು ಲಾರಿಗೇರಿಸಿಕೊಂಡು ಮುಳುಗಿದ ಊರುಗಳ ಜನರನ್ನು ಕಾಪಾಡಲು ಹೋಗಿ ಮೂರು ದಿನವಾಗಿತ್ತು, ಒಂದು ಫೋನೂ ಬಂದಿರಲಿಲ್ಲ. ಅವಳು ನನ್ನ ಗಂಟು ಬಿಚ್ಚಿ, ಸೀರೆಯೊಂದನ್ನು ಬೆಳಕಿಗೆ ಹಿಡಿದು ಕೇಳಿದಳು: “ಇದ್ ಚೇಚಿ ಉಡುಕ್ಕುಮೋ?”

ಚೇಚಿ ಎಂದರೆ ಅಕ್ಕ. ಉಡುವ ಮಾತು ಮಲಯಾಳಕ್ಕೂ ಕನ್ನಡಕ್ಕೂ ಒಂದೇ, ಅನುವಾದ ಬೇಕಾಗಲಿಲ್ಲ. ರೇಗಿಹೋಯಿತು. “ಎಲ್ಲಾ ಕಳಕೊಂಡೋರು ಇಷ್ಟೆಲ್ಲ ನೋಡ್ತಾರಾ?” ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಅವಳಿಗೆ ನನ್ನ ದನಿಯೇ ಸಾಕಾಯಿತು.

“ವೆಳ್ಳಂ ವೀಡ್ ಕೊಂಡುಪೋಯಿ. ಮಾನಂ ಕೊಂಡುಪೋಯಿಲ್ಲ,” ಎಂದು ಗಂಟನ್ನು ನನ್ನ ಕೈಗೇ ಇಟ್ಟಳು. ನೀರು ಒಯ್ದದ್ದು ಮನೆಯನ್ನು, ಮಾನವನ್ನಲ್ಲ.

ಅವಮಾನ ಅಂದರೆ ಅವಮಾನ! ಆಟೋ ಹತ್ತಿ ನೇರ ಚಾಲೈ ಪೇಟೆಗೆ ಹೋದೆ. ನೀರು ಎಲ್ಲ ಊರಿಗೂ ಒಂದೇ ಥರ ನುಗ್ಗುತ್ತದೆ. ಕೊಡುವ ಕೈ ಮಾತ್ರ ತನ್ನ ಮನೆಯಲ್ಲಿ ಕಲಿತಂತೆ ಕೊಡುತ್ತದೆ. ನನ್ನ ಕೈಗೆ ಆ ಮಧ್ಯಾಹ್ನ ಹೊಸ ಪಾಠ. ಮೂರು ಅಂಗಡಿ ಸುತ್ತಿ, ಪ್ರತಿ ಸೀರೆಗೂ ಇದನ್ನು ನಾನು ಉಡುತ್ತೇನೆಯೇ ಎಂದು ಕೇಳಿಕೊಂಡು, ಹತ್ತಿಯವು ನಾಲ್ಕು ತಂದೆ. ಸ್ಟೆಲ್ಲ ಸೆರಗು ಮುಟ್ಟಿ ನೋಡಿ ಒಳಗಿಟ್ಟಳು, ಹೊಗಳಲಿಲ್ಲ. ಅವಳ ಗಂಡ ಕ್ಷೇಮವಾಗಿ ಮರಳಿದ ಮೇಲೆ ಬೀದಿಯಲ್ಲಿ ಮತ್ತೆ ಅವಳ ಕೂಗು ಕೇಳಿತು. ನಾನು ಕಿಟಕಿ ಮುಚ್ಚಲಿಲ್ಲ.

ಮೊನ್ನೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡೇ ಕೂತೆ. ಬಂದ ಗಂಟನ್ನೆಲ್ಲ ಕೊಟ್ಟವರ ಎದುರಿಗೇ ಬಿಚ್ಚಿದೆ. ಮೇಡಂ, ಕೊಡುವವರಿಗೆ ಬೇಸರವಾಗುತ್ತದೆ ಎಂದು ಸೆಕ್ರೆಟರಿಯವರು ಇಂಗ್ಲಿಷಿನಲ್ಲಿ ಗೊಣಗಿದರು. ಆಗಲಿ ಬಿಡಿ, ನನಗೂ ಆಗಿತ್ತು, ಸತ್ತೇನೂ ಹೋಗಲಿಲ್ಲ ಎಂದೆ. ನುಸಿ ಗುಳಿಗೆಯ ಗಂಟು ಅವರದ್ದೇ ಆಗಿತ್ತು. ಅದರಿಂದ ಕಾಲರು ಸವೆದ ಅಂಗಿಯೊಂದನ್ನು ಎಳೆದು ಬೆಳಕಿಗೆ ಹಿಡಿದೆ.

“ಇದ್ ಸಾರ್ ಉಡುಕ್ಕುಮೋ?”

ಅಂಗಿಗೆ ಉಡುಕ್ಕುಮೋ ಎನ್ನಬಾರದಂತೆ, ಇಡುಮೋ ಎನ್ನಬೇಕಂತೆ. ಪಕ್ಕದಲ್ಲಿದ್ದ ನನ್ನ ಮಗಳು ನಾಚಿಕೊಂಡು ಮಲಯಾಳದಲ್ಲೇ ತಿದ್ದಿದಳು. ಸಾರ್‌ಗೆ ಮಾತ್ರ ತಪ್ಪಿಲ್ಲದೆ ಅರ್ಥವಾಗಿತ್ತು; ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ಲಿಫ್ಟಿನ ಕಡೆ ನಡೆದರು. ನಾನು ಮುಂದಿನ ಗಂಟಿಗೆ ಕೈ ಹಾಕಿದೆ.