ವಿಷಯದಲ್ಲಿ ತಪ್ಪಿಲ್ಲವೆಂದ ಮುನಿಕೃಷ್ಣಮ್ಮನವರು

ಮಕ್ಕಳಿಗೆ ಓದುಬರಹ ಕಲಿಸಿದ ಉಪಾಧ್ಯಾಯರು ನಮ್ಮ ಸೀಮೆಯಲ್ಲಿ ಅನೇಕರಿದ್ದಾರೆ. ಹಳ್ಳಿಯ ಮಕ್ಕಳನ್ನು ಸಭೆಯ ಮುಂದೆ ನಿಲ್ಲಿಸಿ, ತಲೆಯೆತ್ತಿ ಮಾತನಾಡಲು ಕಲಿಸಿದವರು ಯಾರೆಂದು ಕೇಳಿದರೆ ಯಲಹಂಕದಿಂದ ಯಶವಂತಪುರದವರೆಗೆ ಎಲ್ಲರೂ ಹೇಳುವುದು ಶ್ರೀಮತಿ ಮುನಿಕೃಷ್ಣಮ್ಮನವರ ಹೆಸರನ್ನೇ. ಮೂವತ್ತೊಂದು ವರ್ಷಗಳ ಸೇವೆಯ ಬಳಿಕ, ೧೯೬೮ರ ಈ ಬೇಸಿಗೆಯಲ್ಲಿ ಅವರು ನಿವೃತ್ತರಾಗಿದ್ದಾರೆ.

ಕೆಂಪಾಪುರದ ಬೇಸಾಯಗಾರರ ಮನೆಯಲ್ಲಿ ಹುಟ್ಟಿದ ಅವರು, ಉಪಾಧ್ಯಾಯರ ತರಬೇತಿಯ ಮೊದಲ ವಾರ ಪಾಠ ಹೇಳಲು ನಿಂತಾಗ ‘ಹೂವು’ ಎನ್ನುವ ಕಡೆ ‘ಊವು’ ಎಂದರಂತೆ. ಕೊಠಡಿಯೆಲ್ಲ ನಕ್ಕಿತು. ಅವರು ವೇದಿಕೆಯಿಂದ ಕೆಳಗಿಳಿಯಲಿಲ್ಲ. ನಗು ಅಡಗುವವರೆಗೆ ಕಾದು, ಪಾಠ ಮುಗಿಸಿಯೇ ಇಳಿದರು.

೧೯೫೫ರಲ್ಲಿ ಯಲಹಂಕದ ಮಾಧ್ಯಮಿಕ ಶಾಲೆಯೊಂದಕ್ಕೆ ಬಂದ ಮೇಲೆ ಶನಿವಾರದ ಕೊನೆಯ ಪಿರಿಯಡ್ಡನ್ನು ಭಾಷಣಕ್ಕೆಂದೇ ಕೇಳಿ ಪಡೆದರು. ಉರು ಹೊಡೆದದ್ದನ್ನು ಒಪ್ಪಿಸುವಂತಿರಲಿಲ್ಲ. ಎರಡೂ ಕಾಲು ಊರಿ ನಿಲ್ಲಬೇಕು, ಉಸಿರು ತೆಗೆದುಕೊಂಡು ಶುರುಮಾಡಬೇಕು, ಕೊನೆಯ ಬೆಂಚಿನವನ ಮುಖ ನೋಡಬೇಕು, ತನಗೆ ಗೊತ್ತಿರುವುದನ್ನೇ ಹೇಳಬೇಕು. ಎದ್ದು ನಿಂತೊಡನೆ ಮತ್ತೆ ಕುಳಿತುಬಿಡುತ್ತಿದ್ದ ಖಾದರ್ ಬಾಷಾ ಎಂಬ ಹುಡುಗನ ಪಕ್ಕದಲ್ಲಿ ಮೂರು ಶನಿವಾರ ತಾವೂ ನಿಂತರು. ನಾಲ್ಕನೆಯ ಶನಿವಾರ ಅವನು ಮಾತನಾಡುತ್ತಿರುವಾಗಲೇ ಮೆಲ್ಲನೆ ಹೋಗಿ ಹಿಂದೆ ಕುಳಿತರು. ಹುಡುಗ ಮಾತು ನಿಲ್ಲಿಸಲಿಲ್ಲ.

೧೯೫೮ರ ತಾಲ್ಲೂಕು ಭಾಷಣ ಸ್ಪರ್ಧೆಗೆ ಅವರು ಆರಿಸಿದ್ದು ಹತ್ತಿರದ ಸಿಂಗಾಪುರವೆಂಬ ಹಳ್ಳಿಯಿಂದ ನಡೆದು ಬರುತ್ತಿದ್ದ ಮುನಿಯಲ್ಲಮ್ಮನನ್ನು. ಮುಖ್ಯೋಪಾಧ್ಯಾಯರು ಕರೆಸಿ ಕೇಳಿದರು: “ಏನಮ್ಮಾ, ಹಕಾರಾನೇ ಬರದ ಹುಡುಗೀನ ಕಳಿಸ್ತೀರಾ? ಶಾಲೆ ಮರ್ಯಾದೆ ಏನಾಗ್ಬೇಕು?”

“ಹಕಾರ ನಾನು ಕಲಿಸ್ತೀನಿ ಸಾರ್. ಹೇಳೋ ವಿಷಯ ಅವಳ ಹತ್ರ ಇದೆ. ಅವಳೇ ಹೋಗ್ತಾಳೆ.”

ವಿಷಯ ಗ್ರಾಮೋದ್ಧಾರ. ಮುಂದಿನ ಸಾಲಿನಲ್ಲಿ ಅಧಿಕಾರಿಗಳು. ಹುಡುಗಿ ಎದ್ದು, “ನಮ್ಮೂರ ಬಾವಿ ಇಚಾರ ಏಳ್ತೀನಿ” ಎಂದೊಡನೆ ಸಭೆ ಗೊಳ್ಳೆಂದಿತು. ಹಿಂದೆ ನಿಂತಿದ್ದ ಮುನಿಕೃಷ್ಣಮ್ಮನವರಿಗೆ ಓಡಿಹೋಗಿ ಅವಳನ್ನು ಕರೆತರಬೇಕೆನ್ನಿಸಿತು; ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದು ನಿಂತಲ್ಲೇ ನಿಂತರು. ಹುಡುಗಿಯೂ ಕದಲಲಿಲ್ಲ.

“ನಗೋರು ನಕ್ಕೊಳ್ಳಿ, ನಾನು ಕಾಯ್ತೀನಿ,” ಎಂದಳು. ಸದ್ದಡಗಿತು. “ನಮ್ಮೂರಾಗೆ ಬಾವಿಗೆ ಅಂತ ಕಲ್ಲು ಆಕಿ ಎರಡು ವರ್ಸ ಆಯ್ತು. ಕಲ್ಲಿನ ಮ್ಯಾಲೆ ದೊಡ್ಡೋರ ಎಸ್ರು ಐತೆ, ಕೆಳಗೆ ನೀರಿಲ್ಲ. ನಮ್ಮವ್ವ ಈಗ್ಲೂ ಕೆರೆಗೇ ಓಗ್ತಾಳೆ. ನಾನು ಏಳಿದ್ದು ಸುಳ್ಳಾದ್ರೆ ಯಾರಾದ್ರೂ ಎದ್ದು ಏಳಿ.”

ಯಾರೂ ಏಳಲಿಲ್ಲ. ಬಹುಮಾನವೂ ಬರಲಿಲ್ಲ. ಬಂದದ್ದು ಒಂದು ನೋಟೀಸು: ಅಧಿಕಾರಿಗಳೆದುರು ಆಕ್ಷೇಪಾರ್ಹ ಭಾಷಣ ಮಾಡಿಸಿದ್ದಕ್ಕೆ ಉಪಾಧ್ಯಾಯಿನಿ ಕ್ಷಮೆ ಕೋರಿ ಬರೆದುಕೊಡಬೇಕೆಂದು. ಬರೆದುಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಹೋದ್ಯೋಗಿಗಳೂ ಹಾಗೆಂದೇ ಬೇಡಿಕೊಂಡರು. ಅವರು ದುಂಡಗಿನ ಅಕ್ಷರಗಳಲ್ಲಿ ಬರೆದದ್ದು ಇಷ್ಟೇ: ‘ವಿದ್ಯಾರ್ಥಿನಿಯ ಉಚ್ಚಾರಣೆಯಲ್ಲಿ ಕೆಲವು ತಪ್ಪುಗಳಿದ್ದವು, ತಿದ್ದುತ್ತಿದ್ದೇನೆ. ವಿಷಯದಲ್ಲಿ ತಪ್ಪು ಕಾಣಲಿಲ್ಲ.’

ವರ್ಗಾವಣೆಯ ಆದೇಶ ಬಾವಿಗಿಂತ ಬೇಗ ಬಂತು. ಬಾವಿಯೂ ಬಂತು, ಮುಂದಿನ ಬೇಸಿಗೆಯಲ್ಲಿ. ಅದು ಯಾರ ಮಾತಿನಿಂದ ಬಂತೆಂದು ಯಾವ ಕಡತವೂ ಹೇಳುವುದಿಲ್ಲ.

ಹೊಸ ಶಾಲೆ ಯಶವಂತಪುರದ ರೈಲುಹಳಿಯ ಪಕ್ಕದಲ್ಲಿತ್ತು. ಗೂಡ್ಸ್ ಗಾಡಿ ಹೋಗುವಾಗ ಪಾಠವೇ ಕೇಳಿಸದೆಂದು ಇತರರು ಗೊಣಗುತ್ತಿದ್ದರೆ, ಮುನಿಕೃಷ್ಣಮ್ಮನವರು ಹಮಾಲರ ಮಕ್ಕಳನ್ನು ಅದೇ ಹೊತ್ತಿಗೆ ಎಬ್ಬಿಸಿ ನಿಲ್ಲಿಸಿ, ಕಿರುಚದೆ ಗಟ್ಟಿಯಾಗಿ ಮಾತನಾಡುವುದನ್ನು ಹತ್ತು ವರ್ಷ ಕಲಿಸಿದರು.

ಬೀಳ್ಕೊಡುಗೆಯ ದಿನ ಅಧಿಕಾರಿಯೊಬ್ಬರು ಹಾರ ಹಾಕಿ, “ಇನ್ನಾದ್ರೂ ಸುಮ್ನೆ ಮನೇಲಿ ಆರಾಮಾಗಿರಿ” ಎಂದಾಗ, “ಆರಾಮಾಗಿರ್ತೀನಿ ಸಾರ್. ಸುಮ್ನಿರೋದು ಮಾತ್ರ ಆಗಲ್ಲ” ಎಂದರು. ಮಾರನೆಯ ಭಾನುವಾರವೇ ಕೆಂಪಾಪುರದ ತಮ್ಮ ಮನೆಯ ಜಗಲಿಯಲ್ಲಿ ಮಾರಮ್ಮನೇ ಮೊದಲಾದ ಸೊಪ್ಪು ಮಾರುವ ಹೆಂಗಸರು ಸೇರಿದರು; ಪಂಚಾಯಿತಿಯಲ್ಲಿ ಎದ್ದು ನಿಂತು ಕೇಳುವುದು ಹೇಗೆಂಬ ಪಾಠ ಈಗ ನಡೆಯುತ್ತಿದೆ.

ಅವರಿಗೆ ದೀರ್ಘಾಯುಸ್ಸು ದೊರೆಯಲಿ, ಆರೋಗ್ಯ ಗಟ್ಟಿಯಾಗಿರಲಿ, ಆ ಜಗಲಿ ಎಂದೂ ಬರಿದಾಗದಿರಲಿ. ಅವರ ಬಾಯಿ ಮುಚ್ಚಿಸಲು ನೋಡುವವರಿಗೆ ಇನ್ನೂ ಬಹುಕಾಲ ನೆಮ್ಮದಿ ಸಿಗದಿರಲಿ.